ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ: ದೂರ, ಸಮಯ ನಾನು ಲೆಕ್ಕ ಹಾಕುವ ರೀತಿ

ಅಪ್ಪ-ಅಮ್ಮ ಶಿವಮೊಗ್ಗದಿಂದ ಇಲ್ಲಿಗೆ, ಕ್ಯಾಲಿಫೋರ್ನಿಯಾಗೆ ಬರುವಾಗೆಲ್ಲ ಟಿಕೆಟ್ ನೋಡುವ ಕೆಲಸ ನನ್ನದು. "ಒಟ್ಟು ಎಷ್ಟು ಗಂಟೆ ಕೂರಬೇಕೋ?" ಅಂತ ಅಮ್ಮ ಕೇಳುತ್ತಾರೆ. ಸುಮ್ನೆ ಒಂದು ಅಂದಾಜು ಹೇಳಲು ನನಗೆ ಇಷ್ಟವಿಲ್ಲ.

ದೂರಕ್ಕೆ ಗೋಡೆಯ ನಕ್ಷೆ ಬೇಡ, ಗ್ಲೋಬ್ ಬೇಕು. ಮಕ್ಕಳದ್ದಾದರೂ ಸಾಕು. ನಡುವಿನ ಸಮಭಾಜಕ ವೃತ್ತಕ್ಕೆ ದಾರ ಸುತ್ತಿ ಅಳೆಯಿರಿ, ಅದು 40,000 ಕಿ.ಮೀ. ಆಮೇಲೆ ಎರಡು ಊರಿನ ಮಧ್ಯೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ನನ್ನ ಗ್ಲೋಬಿನ ಸುತ್ತಳತೆ 94 ಸೆಂ.ಮೀ., ಬೆಂಗಳೂರು-ಸ್ಯಾನ್ ಫ್ರಾನ್ಸಿಸ್ಕೋ 33 ಸೆಂ.ಮೀ., ಅಂದರೆ ಸುಮಾರು 14,000 ಕಿ.ಮೀ. ಅಕ್ಷಾಂಶ-ರೇಖಾಂಶ ಹಾಕಿ ಸೂತ್ರದಲ್ಲಿ ತೆಗೆದರೆ ಬರುವುದೂ ಹೆಚ್ಚುಕಡಿಮೆ ಅಷ್ಟೇ. ದಾರ ಹೋಗುವ ದಾರಿಯನ್ನೂ ನೋಡಿ: ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ ಅಲಾಸ್ಕಾ ಮೇಲಿಂದ ಇಳಿಯುತ್ತದೆ! ಆದರೆ ವಿಮಾನ ಇದೇ ಗೆರೆ ಹಿಡಿಯುವುದಿಲ್ಲ. ಟಿಬೆಟ್‌ನಲ್ಲಿ ನೆಲವೇ ತುಂಬಾ ಎತ್ತರ, ತುರ್ತಿನಲ್ಲಿ ಕೆಳಗಿಳಿಯಲು ಜಾಗ ಸಾಲದು. ಇನ್ನು ಗಾಳಿ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಬೆನ್ನಿಗಿದ್ದರೆ ದೂರ ಜಾಸ್ತಿಯಾದರೂ ಬೇಗ ತಲುಪಬಹುದು.

ಸಮಯಕ್ಕೆ ಗಂಟೆಗೆ 900 ಕಿ.ಮೀ. ಅಂತ ಭಾಗಿಸಿ, ಏರುವುದು-ಇಳಿಯುವುದಕ್ಕೆ ಅರ್ಧ ಗಂಟೆ ಸೇರಿಸುತ್ತೇನೆ. 16 ಗಂಟೆ ಬರುತ್ತದೆ. ಎದುರು ಗಾಳಿಯಿದ್ದರೆ ಇನ್ನೂ ಒಂದು ಗಂಟೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ ನೇರವಾಗಿ ಬೆಂಗಳೂರಿಗೆ ಬಂದರಲ್ಲ, ಅವರಿಗೆ ಹಿಡಿದದ್ದು ಸುಮಾರು 17 ಗಂಟೆ. ಹೊರಟಿದ್ದು ಸ್ಯಾನ್ ಫ್ರಾನ್ಸಿಸ್ಕೋ ಸಮಯದಲ್ಲಿ ಶನಿವಾರ ರಾತ್ರಿ, ಇಳಿದದ್ದು ಭಾರತದ ಸಮಯದಲ್ಲಿ ಸೋಮವಾರ ನಸುಕಿಗೆ.

ಜನ ತಬ್ಬಿಬ್ಬಾಗುವುದು ಇಲ್ಲೇ. ಟಿಕೆಟ್ ಮೇಲಿನ ಎರಡು ಸಮಯಗಳನ್ನು ಹಾಗೇ ಕಳೆಯಬೇಡಿ, ಎರಡನ್ನೂ ಮೊದಲು ಭಾರತದ ಸಮಯಕ್ಕೆ ತನ್ನಿ. ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟು ಅದೇ ದಿನ ಸಂಜೆ 5:30ಕ್ಕೆ ಇಳಿಯುತ್ತದೆ ಅಂತಿದ್ದರೆ ಮೂರೂವರೆ ಗಂಟೆಯ ಪಯಣದ ಹಾಗೆ ಕಾಣುತ್ತದೆ, ಅಲ್ವಾ? ಚಳಿಗಾಲದಲ್ಲಿ ಅದಕ್ಕೆ 13:30 ಗಂಟೆ ಸೇರಿಸಿದರೆ ಭಾರತದಲ್ಲಿ ಮಾರನೇ ದಿನ ಬೆಳಗ್ಗೆ 7, ಅಲ್ಲಿಗೆ 17 ಗಂಟೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಮೆರಿಕದ ಗಡಿಯಾರ ಒಂದು ಗಂಟೆ ಮುಂದಿರುತ್ತದೆ, ಆಗ 12:30 ಸೇರಿಸಿ.

ಫ್ರಾಂಕ್‌ಫರ್ಟ್ ಮೂಲಕವಾದರೆ 7,400 ಮತ್ತು 9,150, ಒಟ್ಟು 16,550 ಕಿ.ಮೀ. ಹಾರಾಟವೇ ಮೂರು ಗಂಟೆ ಜಾಸ್ತಿ, ಕಾಯುವುದು ಬೇರೆ. ಆದರೂ ಮಂಡಿನೋವಿನ ಅಪ್ಪನಿಗೆ ನಾನು ಮೂರು-ನಾಲ್ಕು ಗಂಟೆ ಬಿಡುವಿರುವ ಈ ದಾರಿಯನ್ನೇ ನೋಡುತ್ತೇನೆ. ಮಧ್ಯೆ ಎದ್ದು ಓಡಾಡಿದರೆ ಕಾಲು ಊದುವುದು ಕಡಿಮೆ. ಶಿವಮೊಗ್ಗದಿಂದ ದೇವನಹಳ್ಳಿಗೆ ಬರುವ ರಾತ್ರಿಯನ್ನೂ, ಮೂರು ಗಂಟೆ ಮುಂಚೆ ಚೆಕ್-ಇನ್‌ಗೆ ನಿಲ್ಲುವುದನ್ನೂ ಸೇರಿಸಿಯೇ ಅಮ್ಮನಿಗೆ ಲೆಕ್ಕ ಹೇಳುತ್ತೇನೆ.