ಬನ್ಸ್ ಹಿಟ್ಟಿಗೆ ನೀರು ಹಾಕಬೇಡಿ

ಬಾಳೆಹಣ್ಣನ್ನು ಮಿಕ್ಸಿಯಲ್ಲಿ ತಿರುವಿ, ಮೈದಾದ ಮೇಲೆ ಸುರಿದು, ಸಾಲದ್ದಕ್ಕೆ ಅರ್ಧ ಲೋಟ ನೀರನ್ನೂ ಬೆರೆಸಿ, ಒಂದೇ ಗಂಟೆಯಲ್ಲಿ ಎಣ್ಣೆಗೆ ಬಿಟ್ಟು ತೆಗೆದದ್ದನ್ನು ಈಗಿನ ಮಕ್ಕಳು ಮಂಗಳೂರು ಬನ್ಸ್ ಎಂದು ಕರೆಯುತ್ತಿದ್ದಾರೆ. ಅದನ್ನು ಸಿಹಿ ಪೂರಿ ಎಂದು ಕರೆದರೆ ನನ್ನ ತಕರಾರೇನೂ ಇಲ್ಲ. ಬನ್ಸ್ ಎಂದ ಮೇಲೆ ಹೊರಗೆ ಗಾಢ ಕಂದು ಬಣ್ಣದ ತೆಳುವಾದ ಪದರವಿರಬೇಕು, ಒಳಗಿನ ತಿರುಳು ಮೆತ್ತಗೆ ಜಾಳುಜಾಳಾಗಿರಬೇಕು, ಮುರಿದಾಗ ಹಣ್ಣಿನ ಪರಿಮಳದ ಜೊತೆಗೆ ಜೀರಿಗೆಯ ಘಮ ಬರಬೇಕು, ನಾಲಿಗೆಗೆ ಮೊದಲು ಸಿಹಿ ತಾಗಿ ಆಮೇಲೆ ಮೊಸರಿನ ಸಣ್ಣ ಹುಳಿ ತಿಳಿಯಬೇಕು. ಇಷ್ಟು ಬೇಕೆಂದರೆ ಒಂದು ರಾತ್ರಿ ಕಾಯಲೇಬೇಕು.

ನಮ್ಮ ಕರಾವಳಿಯ ಮನೆಗಳಲ್ಲಿ ಬಾಳೆಗೊನೆಯನ್ನು ಕಡಿದು ತಂದು ಅಡುಗೆಮನೆಯ ಪಕ್ಕದ ಜಂತಿಗೆ ಹಗ್ಗದಲ್ಲಿ ಕಟ್ಟಿ ನೇತುಹಾಕುವುದು ವಾಡಿಕೆ. ಗೊನೆ ಹಣ್ಣಾಗತೊಡಗಿತೆಂದರೆ ಒಂದು ಚಿಪ್ಪಿನ ಹಿಂದೆಯೇ ಇನ್ನೊಂದು ಚಿಪ್ಪು ಹಣ್ಣಾಗಿ, ಮನೆಯವರು, ನೆಂಟರು, ಕೆಲಸದವರು ತಿಂದರೂ ಮುಗಿಯುತ್ತಿರಲಿಲ್ಲ. ಆಟಿ ತಿಂಗಳ, ಅಂದರೆ ಜುಲೈ–ಆಗಸ್ಟ್ ಹೊತ್ತಿನ ಮಳೆಯಲ್ಲಿ ಹೊರಗೆ ಹೋಗಿ ಯಾರಿಗಾದರೂ ಕೊಟ್ಟು ಬರುವುದೂ ಕಷ್ಟವಿತ್ತು. ಹಣ್ಣಿನ ಸಿಪ್ಪೆ ಕಪ್ಪು ತಿರುಗಿ, ತೊಟ್ಟು ಕಳಚಿ ಬೀಳುವಂತಾದಾಗ ನನ್ನ ಅತ್ತೆಯವರು ರಾತ್ರಿ ಊಟದ ಪಾತ್ರೆಗಳನ್ನೆಲ್ಲ ತೊಳೆದಿಟ್ಟ ಮೇಲೆ ಬನ್ಸಿಗೆ ಹಿಟ್ಟು ಕಲಸುತ್ತಿದ್ದರು. ಆದ್ದರಿಂದ ಬನ್ಸಿಗೆಂದು ಅಂಗಡಿಯಿಂದ ಹಳದಿ ಹೊಳಪಿನ ಹಣ್ಣು ಕೊಂಡು ತರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆ ಹಣ್ಣಿನಲ್ಲಿ ಪಿಷ್ಟ ಇನ್ನೂ ಪೂರ್ತಿಯಾಗಿ ಸಕ್ಕರೆಯಾಗಿರುವುದಿಲ್ಲ, ಎಷ್ಟು ಹಿಸುಕಿದರೂ ಗಂಟು ಗಂಟಾಗಿ ಉಳಿಯುತ್ತದೆ. ತಂದೇ ಬಿಟ್ಟಿದ್ದರೆ ಹೊರಗಿಟ್ಟು ನಾಲ್ಕೈದು ದಿನ ಕಾಯಿರಿ. ಬೇಗ ಕಪ್ಪಾಗಲೆಂದು ಫ್ರಿಜ್ಜಿನಲ್ಲಿ ಇಡಬೇಡಿ, ಏಕೆಂದರೆ ಚಳಿಗೆ ಸಿಪ್ಪೆ ಮಾತ್ರ ಕಪ್ಪಾಗಿ ಒಳಗಿನ ಹಣ್ಣು ಮಾಗದೆ ಹಾಗೆಯೇ ನಿಂತುಬಿಡುತ್ತದೆ.

ಜಾತಿಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಮೈಸೂರು ಬಾಳೆ, ಕದಳಿ ಎರಡೂ ಒಳ್ಳೆಯವು. ಬೆಂಗಳೂರಿನವರು ಏಲಕ್ಕಿ ಬಾಳೆಯಲ್ಲಿಯೂ ಮಾಡಬಹುದು. ನೇಂದ್ರ ಬಾಳೆ ಮಾತ್ರ ಬೇಡ, ಅದು ಗಟ್ಟಿ ಹಣ್ಣು, ಹಿಟ್ಟನ್ನು ಬಿಗಿ ಮಾಡುತ್ತದೆ. ದುಬೈ, ಮಸ್ಕತ್ತಿನ ಕಡೆ ಇರುವ ನಮ್ಮ ಮಕ್ಕಳಿಗೆ ಹೆಚ್ಚಾಗಿ ಸಿಗುವುದು ಉದ್ದನೆಯ ಕ್ಯಾವೆಂಡಿಶ್ ಹಣ್ಣು. ಅದರಲ್ಲಿ ಹುಳಿಯ ಅಂಶ ಕಡಿಮೆ, ಹಾಗಾಗಿ ಮೊಸರು ಚೆನ್ನಾಗಿ ಹುಳಿ ಬಂದಿರುವುದನ್ನೇ ಹಾಕಬೇಕು.

ಈಗ ಮುಖ್ಯ ಕೆಲಸಕ್ಕೆ ಬರುತ್ತೇನೆ. ಬನ್ಸ್ ಕೆಡುವುದು ಎಣ್ಣೆಯಲ್ಲಿ ಎಂದು ಎಲ್ಲರೂ ತಿಳಿದಿದ್ದಾರೆ, ಆದರೆ ಹತ್ತರಲ್ಲಿ ಒಂಬತ್ತು ಸಲ ಅದು ಕೆಡುವುದು ಹಣ್ಣಿಗೆ ಹಿಟ್ಟು ಬೀಳುವುದಕ್ಕೂ ಮೊದಲೇ. ಅಗಲ ಬಾಯಿಯ ಸ್ಟೀಲಿನ ಪಾತ್ರೆ ತೆಗೆದುಕೊಳ್ಳಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಮೊಸರು ರಾತ್ರಿಯಿಡೀ ಅದರಲ್ಲಿ ಕೂರಬಾರದು. ಹಣ್ಣಿನ ಸಿಪ್ಪೆ ಸುಲಿದು ಪಾತ್ರೆಗೆ ಹಾಕಿ, ಅದರ ಮೇಲೆ ಸಕ್ಕರೆ ಮತ್ತು ಉಪ್ಪು ಬಿಟ್ಟು ಬೇರೇನನ್ನೂ ಹಾಕದೆ ಕೈಯಿಂದಲೇ ಹಿಸುಕಬೇಕು. ಐದೂ ಬೆರಳುಗಳ ನಡುವಿನಿಂದ ಹಣ್ಣು ಹೊರಗೆ ಬರುವಂತೆ ಅಮುಕಿ, ಮತ್ತೆ ಒಟ್ಟು ಮಾಡಿ, ಮತ್ತೆ ಅಮುಕಿ, ಅಂಗೈಗೆ ಸಕ್ಕರೆಯ ಹರಳು ತಾಗುವುದು ಪೂರ್ತಿ ನಿಲ್ಲುವವರೆಗೆ ಹಿಸುಕುತ್ತಲೇ ಇರಬೇಕು. ಮಿಕ್ಸಿಯಲ್ಲಿ ಮಾಡಿದರೆ ಎರಡು ನಿಮಿಷದ ಕೆಲಸವಲ್ಲವೇ ಎಂದು ಕೇಳುವವರಿದ್ದಾರೆ. ಮಿಕ್ಸಿಯಲ್ಲಿ ಹಣ್ಣು ಲೋಳೆಯಾಗಿ ನೊರೆಯೇಳುತ್ತದೆ, ಆಮೇಲೆ ಅದು ಎಷ್ಟು ಹಿಟ್ಟು ಹಿಡಿಯುತ್ತದೆ ಎಂಬ ಅಂದಾಜು ಸಿಗುವುದೇ ಇಲ್ಲ. ಕೈಯಲ್ಲಿ ಹಿಸುಕಿದ ಹಣ್ಣಿನಲ್ಲಿ ಅಲ್ಲಲ್ಲಿ ಸಣ್ಣ ಚೂರುಗಳು ಉಳಿಯುತ್ತವೆ. ಅವು ಕರಿಯುವಾಗ ಕರಗಿ ಬನ್ಸಿನ ಒಳಗೆ ಆ ಜಾಳು ತಿರುಳನ್ನು ಕೊಡುತ್ತವೆ.

ಸಕ್ಕರೆ ಕರಗಿದ ಮೇಲೆ ಹುಳಿ ಮೊಸರು ಸೇರಿಸಿ, ಒಂದು ತಟ್ಟೆ ಮುಚ್ಚಿ, ಅರ್ಧ ಗಂಟೆ ಅದನ್ನು ಅದರ ಪಾಡಿಗೆ ಬಿಡಿ. ಈ ಅರ್ಧ ಗಂಟೆಯನ್ನು ಎಲ್ಲರೂ ಹಾರಿಸಿಬಿಡುತ್ತಾರೆ, ನನ್ನ ಜಗಳವೆಲ್ಲ ಇದರ ಮೇಲೆಯೇ. ಸಕ್ಕರೆ ಮತ್ತು ಉಪ್ಪು ಹಣ್ಣಿನೊಳಗಿನ ನೀರನ್ನು ಮೆಲ್ಲನೆ ಹೊರಗೆ ಎಳೆಯುತ್ತವೆ. ತಟ್ಟೆ ತೆಗೆದು ನೋಡಿದಾಗ, ಹಿಂದೆ ಮುದ್ದೆಯಾಗಿದ್ದದ್ದು ಸೌಟಿನಿಂದ ಸುರಿಯುವಷ್ಟು ತೆಳುವಾಗಿರುತ್ತದೆ. ಹಿಟ್ಟಿಗೆ ಬೇಕಾದ ನೀರೆಲ್ಲ ಅದೇ. ಕಾಯದೆ ಹಿಟ್ಟು ಹಾಕಿದವರಿಗೆ ಹಿಟ್ಟು ಒಣಗಿದಂತೆ ಕಾಣುತ್ತದೆ, ಅವರು ನೀರು ಸುರಿಯುತ್ತಾರೆ, ಬಳಿಕ ರಾತ್ರಿಯಲ್ಲಿ ಹಣ್ಣು ತನ್ನ ನೀರನ್ನೂ ಬಿಟ್ಟು ಬೆಳಗ್ಗೆ ಹಿಟ್ಟು ಪಾತ್ರೆಯ ತುಂಬ ಹರಿದಿರುತ್ತದೆ, ಅದನ್ನು ಗಟ್ಟಿ ಮಾಡಲು ಮತ್ತೆ ಹಸಿ ಮೈದಾ ಸುರಿಯುತ್ತಾರೆ. ಹುಳಿಯದ ಆ ಮೈದಾ ಬನ್ಸಿನ ನಡುವೆ ಬೇಯದೆ ಅಂಟಂಟಾಗಿ ಉಳಿಯುತ್ತದೆ. ಮಿಶ್ರಣದ ಮೇಲ್ಭಾಗ ಕಂದು ಬಣ್ಣಕ್ಕೆ ತಿರುಗಿದ್ದರೆ ಹೆದರಿ ಎಸೆಯಬೇಡಿ, ಅದು ಗಾಳಿ ತಾಗಿದ ಹಣ್ಣಿನ ಸ್ವಭಾವ.

ಇದಾದ ಮೇಲೆ ಜೀರಿಗೆಯನ್ನು ಅಂಗೈಯಲ್ಲಿ ತಿಕ್ಕಿ ಹಾಕಿ, ಒಂದು ಚಮಚ ಬಿಸಿ ತುಪ್ಪ ಹಾಕಿ, ಅಡುಗೆ ಸೋಡಾ ಚಿಟಿಕೆಯಷ್ಟು ಮಾತ್ರ ಹಾಕಿ. ಮೊಸರಿನ ಹುಳಿ ತಾಗಿದೊಡನೆ ಸೋಡಾ ಗುಳ್ಳೆಯೇಳುವುದು ಕಣ್ಣಿಗೆ ಕಾಣುತ್ತದೆ. ಚೆನ್ನಾಗಿ ಉಬ್ಬಲಿ ಎಂದು ಚಮಚ ತುಂಬ ಸೋಡಾ ಸುರಿಯುವವರ ಬನ್ಸ್ ಎಣ್ಣೆ ಕುಡಿದು, ಬೇಗನೆ ಕಪ್ಪಾಗಿ, ಬಾಯಲ್ಲಿ ಸಾಬೂನಿನ ರುಚಿ ಬಿಡುತ್ತದೆ. ಮೈದಾವನ್ನು ಹಿಡಿ ಹಿಡಿಯಾಗಿ ಹಾಕುತ್ತ, ಹಣ್ಣು ಎಷ್ಟು ಹಿಡಿಯುತ್ತದೋ ಅಷ್ಟರಲ್ಲೇ ನಿಲ್ಲಿಸಬೇಕು. ಕಲಸಿದ ಹಿಟ್ಟು ಕಿವಿಯ ಹಾಲೆಯಷ್ಟು ಮೆತ್ತಗಿದ್ದು, ಬೆರಳಿಗೆ ಸ್ವಲ್ಪ ಅಂಟುತ್ತಲೇ ಇರಬೇಕು. ಗೋಧಿ ಹಿಟ್ಟು ಬೇಕೆನ್ನುವವರು ಅರ್ಧಕ್ಕರ್ಧ ಬೆರೆಸಿಕೊಳ್ಳಲಿ, ಆಗ ಒಂದು ಹಣ್ಣು ಹೆಚ್ಚು ಬೇಕಾಗುತ್ತದೆ ಮತ್ತು ಬನ್ಸ್ ತುಸು ಭಾರವಾಗುತ್ತದೆ.

ಬೆಂಗಳೂರಿನಲ್ಲಿರುವ ನನ್ನ ಮೊಮ್ಮಗಳು ಈ ಹಂತದಲ್ಲಿ ಪ್ರತಿ ಸಲವೂ ಫೋನು ಮಾಡುತ್ತಾಳೆ. “ಅಜ್ಜಿ, ಹಿಟ್ಟು ಕೈಗೆಲ್ಲ ಮೆತ್ತಿಕೊಂಡಿದೆ, ಇನ್ನೊಂದು ಬಟ್ಟಲು ಮೈದಾ ಹಾಕಲೇ?” ಎನ್ನುತ್ತಾಳೆ. “ಹಾಕಬೇಡ ಮಗಾ, ಕೈಗೆ ಎಣ್ಣೆ ಸವರಿಕೋ” ಎಂದು ನಾನೂ ಪ್ರತಿ ಸಲ ಅದನ್ನೇ ಹೇಳುತ್ತೇನೆ. ಹಿಟ್ಟಿನ ಮೇಲೆ ಎಣ್ಣೆಯ ತೆಳುವಾದ ಲೇಪ ಕೊಟ್ಟು ಮುಚ್ಚಿಡಿ. ಮಂಗಳೂರು, ಉಡುಪಿಯ ಸೆಕೆಯಲ್ಲಿ 6 ಗಂಟೆ ಸಾಕು. ಬೆಂಗಳೂರಿನ ಡಿಸೆಂಬರಿನಲ್ಲಿ ರಾತ್ರಿ 9 ಗಂಟೆಗೆ ಕಲಸಿದ್ದು ಬೆಳಗ್ಗೆ 7ರವರೆಗೂ ಇರಲಿ. ದೋಸೆ ಹಿಟ್ಟಿನ ಹಾಗೆ ಇದು ಎತ್ತರಕ್ಕೆ ಏರುವುದಿಲ್ಲ, ಏರಲಿಲ್ಲವೆಂದು ಯೀಸ್ಟ್ ಹಾಕಲು ಹೋಗಬೇಡಿ. ಸ್ವಲ್ಪ ಸಡಿಲವಾಗಿ, ಹುಳಿ ವಾಸನೆ ಬಂದಿದ್ದರೆ ಸರಿಯಾಗಿದೆ ಎಂದೇ ಅರ್ಥ.

ಲಟ್ಟಿಸುವುದಕ್ಕೆ ಹೆಚ್ಚು ವಿವರಣೆ ಬೇಡ. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಉಂಡೆ ಮಾಡಿ, ಪೂರಿಯ ಎರಡರಷ್ಟು ದಪ್ಪಕ್ಕೆ ಲಟ್ಟಿಸಿ, ಅಂಚು ತೆಳುವಾಗದಂತೆ ನೋಡಿಕೊಳ್ಳಿ. ಮೇಲೆ ಉದುರಿಸಿದ ಒಣ ಹಿಟ್ಟನ್ನು ಅಂಗೈಗಳ ನಡುವೆ ತಟ್ಟಿ ಕೊಡವಿಯೇ ಎಣ್ಣೆಗೆ ಬಿಡಬೇಕು. ಇಲ್ಲದಿದ್ದರೆ ಆ ಹಿಟ್ಟು ಬಾಣಲೆಯ ತಳದಲ್ಲಿ ಕರಕಲಾಗಿ, ಮುಂದಿನ ಬನ್ಸುಗಳಿಗೆಲ್ಲ ಕಪ್ಪು ಚುಕ್ಕೆಗಳಾಗಿ ಅಂಟುತ್ತದೆ. ತೆಂಗಿನೆಣ್ಣೆಯಲ್ಲಿ ಕರಿದರೆ ಪರಿಮಳವೇ ಬೇರೆ. ಎಣ್ಣೆಯ ಹದ ತಿಳಿಯಲು ಸಣ್ಣ ಹಿಟ್ಟಿನ ಚೂರನ್ನು ಬಿಡಿ. ಅದು ತಳ ಮುಟ್ಟಿ, ಒಂದೆರಡು ಉಸಿರಿನ ಬಳಿಕ ಮೇಲೆ ಬಂದರೆ ಸರಿ. ಬಿಟ್ಟ ಕ್ಷಣವೇ ಮೇಲೆದ್ದು ಕೆಂಪಾದರೆ ಬೆಂಕಿ ತಗ್ಗಿಸಿ, ಏಕೆಂದರೆ ಹಣ್ಣಿನ ಸಕ್ಕರೆ ಬೇಗ ಸೀಯುತ್ತದೆ ಮತ್ತು ಒಳಗೆ ಹಸಿಯೇ ಉಳಿಯುತ್ತದೆ. ತಳದಲ್ಲೇ ಕುಳಿತರೆ ಎಣ್ಣೆ ಇನ್ನೂ ಕಾದಿಲ್ಲ. ಬನ್ಸ್ ಮೇಲೆ ಬಂದ ಕೂಡಲೇ ಜಾಲರಿ ಸೌಟಿನಿಂದ ಹಗುರವಾಗಿ ಒತ್ತಿ, ಬಿಸಿ ಎಣ್ಣೆಯನ್ನು ಅದರ ಬೆನ್ನಿಗೆ ಎರಚಿದರೆ ಉಬ್ಬುತ್ತದೆ. ಆಮೇಲೆ ಮಗುಚಿ, ಎರಡನೆಯ ಬದಿಗೆ ಮೊದಲನೆಯದಕ್ಕಿಂತ ಸ್ವಲ್ಪ ಹೆಚ್ಚು ಸಮಯ ಕೊಡಿ. ಚಿನ್ನದ ಬಣ್ಣ ಬಂತೆಂದು ಅವಸರದಲ್ಲಿ ತೆಗೆದುಬಿಡುವವರೇ ಬಹಳ, ಇದು ಗಾಢ ಕಂದು ಆಗಲೇಬೇಕು.

ಕಬ್ಬಿಣದ ಬಾಣಲೆ ಇರುವವರು ಅದರಲ್ಲೇ ಕರಿಯಲಿ. ಹೇಳುವಾಗಲೇ ಇನ್ನೊಂದು ಮಾತು ನೆನಪಿಗೆ ಬಂತು: ಕೆಲಸ ಮುಗಿದ ಮೇಲೆ ಆ ಬಾಣಲೆಯನ್ನು ಸೋಪಿನ ನೀರಿನಲ್ಲಿ ನೆನೆಹಾಕಿ ರಾತ್ರಿಯಿಡೀ ಸಿಂಕಿನಲ್ಲಿ ಬಿಡುವ ಅಭ್ಯಾಸವನ್ನು ಇನ್ನಾದರೂ ಬಿಡಿ. ಬಿಸಿ ನೀರಿನಲ್ಲಿ ತೊಳೆದು, ಒಲೆಯ ಮೇಲಿಟ್ಟು ತೇವವನ್ನು ಆರಿಸಿ, ಒಂದು ಹನಿ ಎಣ್ಣೆ ಒರೆಸಿಟ್ಟರೆ ಅದು ತಲೆಮಾರುಗಳ ಕಾಲ ಬಾಳುತ್ತದೆ. ತುಕ್ಕು ಹಿಡಿಸಿ, ಆಮೇಲೆ ಪಾತ್ರೆ ಸರಿಯಿಲ್ಲ ಎಂದು ದೂರುವುದು ನ್ಯಾಯವಲ್ಲ.

ತೆಗೆದ ಬನ್ಸುಗಳನ್ನು ಒಂದರ ಮೇಲೊಂದು ಪೇರಿಸಿ ಡಬ್ಬಿಯಲ್ಲಿ ಮುಚ್ಚಬಾರದು, ಹಬೆಗೆ ಮೇಲ್ಪದರ ಮೆತ್ತಗಾಗುತ್ತದೆ. ಬಿದಿರಿನ ಬುಟ್ಟಿಯಲ್ಲಿ ಓರೆಯಾಗಿ ನಿಲ್ಲಿಸಿಡಿ. ಜೊತೆಗೆ ಹಸಿಮೆಣಸು ಮತ್ತು ಶುಂಠಿ ಹಾಕಿ ಅರೆದ ಖಾರವಾದ ಕಾಯಿ ಚಟ್ನಿ, ಬಿಸಿ ಸಾಂಬಾರು ಇರಲಿ. ಮಿಕ್ಕ ಬನ್ಸ್ ಮರುದಿನವೂ ಮೆತ್ತಗೇ ಇರುತ್ತದೆ, ಸಣ್ಣ ಉರಿಯ ಕಾವಲಿಯ ಮೇಲೆ ಎಣ್ಣೆಯಿಲ್ಲದೆ ಎರಡೂ ಬದಿ ಬಿಸಿ ಮಾಡಿ ಚಹಾದ ಜೊತೆ ತಿನ್ನಬಹುದು. ಮಿಕ್ಕ ಹಿಟ್ಟನ್ನು ಫ್ರಿಜ್ಜಿನಲ್ಲಿಟ್ಟರೆ ಇನ್ನೊಂದು ದಿನಕ್ಕೆ ಬರುತ್ತದೆ, ಆದರೆ ಹೊರಗೆ ತೆಗೆದು ತಣ್ಣಗಿರುವುದು ಪೂರ್ತಿ ಹೋದ ಮೇಲೆಯೇ ಲಟ್ಟಿಸಬೇಕು.