ಫುಕೆಟ್ ಮಾಲ್ ಶಾಪಿಂಗ್: ಪಾಸ್‌ಪೋರ್ಟ್ ಜೊತೆಗಿರಲಿ, ಬಿಲ್ ಒಂದೇ ಹೆಸರಿನಲ್ಲಿರಲಿ

ಥಾಯ್ಲೆಂಡ್‌ನ ಫುಕೆಟ್ ದ್ವೀಪಕ್ಕೆ ಹೋದವರು ಸಾಮಾನ್ಯವಾಗಿ ಎರಡು ಮಾಲ್‌ಗಳಲ್ಲಿ ಒಂದಕ್ಕೆ ಹೋಗೇ ಹೋಗುತ್ತಾರೆ. ಜಂಗ್‌ಸಿಲೋನ್ ಬೀಚ್ ಪಟ್ಟಣವಾದ ಪಟಾಂಗ್‌ನಲ್ಲೇ ಇದೆ, ಬೀಚಿನಿಂದ ನಡೆದು ಹೋಗಬಹುದು. ಸೆಂಟ್ರಲ್ ಫುಕೆಟ್ ಇರುವುದು ಗುಡ್ಡದ ಆಚೆ, ಫುಕೆಟ್ ಟೌನ್ ಅಂಚಿನಲ್ಲಿ. ಅಲ್ಲಿ ರಸ್ತೆಯ ಎರಡು ಬದಿಗೆ ಎರಡು ಕಟ್ಟಡ: ದುಬಾರಿ ಬ್ರ್ಯಾಂಡ್‌ಗಳೆಲ್ಲ ಫ್ಲೋರೆಸ್ಟಾದಲ್ಲಿ, ದಿನಬಳಕೆಯ ಅಂಗಡಿಗಳು ಹೆಚ್ಚಾಗಿ ಫೆಸ್ಟಿವಲ್‌ನಲ್ಲಿ. ಚಪ್ಪಲಿ, ಸನ್‌ಸ್ಕ್ರೀನ್, ತಿಂಡಿ ಪೊಟ್ಟಣಕ್ಕಾದರೆ ಗುಡ್ಡ ದಾಟಬೇಕಾಗಿಲ್ಲ, ಜಂಗ್‌ಸಿಲೋನ್ ಸಾಕು. ಬಟ್ಟೆ, ಶೂ, ಬ್ಯಾಗ್ ಅಂತ ದೊಡ್ಡ ಪಟ್ಟಿ ಇದ್ದರೆ ಸೆಂಟ್ರಲ್‌ಗೆ ಅರ್ಧ ದಿನ ಎತ್ತಿಡಿ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆಗಾಲ. ಮಳೆ ಶುರುವಾಯಿತೆಂದರೆ ಬೀಚಿನಲ್ಲಿದ್ದವರೆಲ್ಲ ಮಾಲ್‌ಗೆ ನುಗ್ಗುತ್ತಾರೆ. ವಾಪಸ್ ಬರಲು ಗಾಡಿ ಸಿಗುವುದು ಕಷ್ಟ, ಸಿಕ್ಕರೂ ಬಾಡಿಗೆ ಏರಿರುತ್ತದೆ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿಬಿಡುವುದು ಜಾಣತನ.

ಹೊರಡುವಾಗ ಬ್ಯಾಗಿನಲ್ಲಿ ಅಸಲಿ ಪಾಸ್‌ಪೋರ್ಟ್, ಅಳತೆ ಟೇಪ್, ಒಂದು ಬಟ್ಟೆ ಚೀಲ ಇರಲಿ. 2020ರ ಜನವರಿಯಿಂದ ಅಲ್ಲಿನ ದೊಡ್ಡ ಅಂಗಡಿಗಳು ಪ್ಲಾಸ್ಟಿಕ್ ಕೈಚೀಲ ಕೊಡುವುದನ್ನು ನಿಲ್ಲಿಸಿವೆ. ಒದ್ದೆ ಈಜುಡುಗೆಯಲ್ಲಿ ಹೋಗಬೇಡಿ. ನೋಡುವವರಿಗೆ ಮುಜುಗರವಾಗುವುದು ಒಂದು ಕಡೆ, ಆ ಏಸಿ ಚಳಿಯಲ್ಲಿ ಹತ್ತು ನಿಮಿಷಕ್ಕೆ ಹಲ್ಲು ಕಟಕಟ ಅನ್ನುತ್ತದೆ.

ಕಾರ್ಡ್ ಉಜ್ಜುವಾಗ ಯಂತ್ರ ಒಂದು ಪ್ರಶ್ನೆ ಕೇಳುತ್ತದೆ: ಬಾತ್‌ನಲ್ಲೋ (ಅದು ಅಲ್ಲಿನ ಹಣ) ರೂಪಾಯಿಯಲ್ಲೋ? ರೂಪಾಯಿ ಮೊತ್ತ ಕಂಡ ಕೂಡಲೇ ನಮ್ಮದು ಅನಿಸುತ್ತದೆ, ಬೆರಳು ಅತ್ತಲೇ ಹೋಗುತ್ತದೆ. ಒತ್ತಬೇಕಾದ್ದು ಬಾತ್. ರೂಪಾಯಿ ಆರಿಸಿದರೆ ವಿನಿಮಯ ದರವನ್ನು ನಿಮ್ಮ ಬ್ಯಾಂಕ್ ಬದಲು ಆ ಯಂತ್ರದ ಕಡೆಯವರು ನಿಗದಿ ಮಾಡುತ್ತಾರೆ, ಅದರೊಳಗೆ ಅವರ ಲಾಭವೂ ಸೇರಿರುತ್ತದೆ. ಕೆಲವು ಸಲ ಕ್ಯಾಷಿಯರೇ ಕೇಳದೆ ರೂಪಾಯಿ ಒತ್ತಿಬಿಡುತ್ತಾರೆ. ಸ್ಲಿಪ್ ಮೇಲೆ ಎರಡು ಮೊತ್ತ ಕಂಡರೆ ಸಹಿ ಹಾಕುವ ಮುನ್ನ ರದ್ದು ಮಾಡಿಸಿ, ಮತ್ತೆ ಉಜ್ಜಿಸಿ. ಸಣ್ಣ ಬಿಲ್ಲಿಗೆ ಕಾರ್ಡ್ ಬೇಡ ಅನ್ನುವ ಅಂಗಡಿಗಳೂ ಇವೆ, ಹಾಗಾಗಿ ಸ್ವಲ್ಪ ನಗದು ಬೇಕು. ವಿದೇಶಿ ಕಾರ್ಡಿಗೆ ಎಟಿಎಂ ಪ್ರತಿ ಸಲವೂ 200 ಬಾತ್‌ಗಿಂತ ಹೆಚ್ಚು ಶುಲ್ಕ ಹಿಡಿಯುತ್ತದೆ. ಎರಡೆರಡು ಸಾವಿರ ನಾಲ್ಕು ಸಲ ತೆಗೆಯುವ ಬದಲು ಬೇಕಾದಷ್ಟನ್ನು ಒಂದೇ ಸಲ ತೆಗೆಯಿರಿ. ಡಾಲರ್ ಒಯ್ದಿದ್ದರೆ 100 ಮತ್ತು 50ರ ನೋಟಿಗೆ ಸಣ್ಣ ನೋಟಿಗಿಂತ ಒಳ್ಳೆಯ ದರ ಸಿಗುತ್ತದೆ. ಹರಿದ, ಗೀಚಿದ ನೋಟು ತೆಗೆದುಕೊಳ್ಳುವುದಿಲ್ಲ.

ಇನ್ನು ತೆರಿಗೆ ವಾಪಸಾತಿ, ಅಂದರೆ ಕೊಂಡು ದೇಶದಾಚೆ ಒಯ್ಯುವ ಸಾಮಾನಿನ ತೆರಿಗೆಯನ್ನು ಪ್ರವಾಸಿಗರು ವಾಪಸ್ ಪಡೆಯುವುದು. ಬಹಳ ಮಂದಿ ಕೈಬಿಡುವ ದುಡ್ಡು ಇದೇ, ಅದೂ ಅಂಗಡಿಯಲ್ಲೇ ಆಗುವ ತಪ್ಪಿನಿಂದ. ಥಾಯ್ಲೆಂಡ್‌ನಲ್ಲಿ ವ್ಯಾಟ್ ಶೇ 7, ಅದು ಬೆಲೆಯೊಳಗೇ ಸೇರಿರುತ್ತದೆ. ಅಂದರೆ 10,700 ಬಾತ್ ಬಿಲ್ಲಿನಲ್ಲಿ 700 ತೆರಿಗೆ. ಪೂರ್ತಿ 700 ಕೈಗೆ ಬರುವುದಿಲ್ಲ, ಶುಲ್ಕ ಕಳೆದು ಕಡಿಮೆ ಬರುತ್ತದೆ. ಒಂದೇ ಅಂಗಡಿಯಲ್ಲಿ, ಒಂದೇ ದಿನ, ಒಬ್ಬರ ಹೆಸರಿನಲ್ಲಿ ಕನಿಷ್ಠ 2,000 ಬಾತ್ ಖರೀದಿ ಆಗಿರಬೇಕು, ಅಂಗಡಿ ಪ್ರವಾಸಿಗರಿಗೆ ವ್ಯಾಟ್ ವಾಪಸ್ ಕೊಡುವ ಯೋಜನೆಯಲ್ಲಿರಬೇಕು. ಗಂಡ ಒಂದು ಕೌಂಟರಿನಲ್ಲಿ 1,200ರ ಶರ್ಟು, ಹೆಂಡತಿ ಇನ್ನೊಂದು ಕೌಂಟರಿನಲ್ಲಿ 900ರ ಟಾಪು ಕೊಂಡು, ತಂತಮ್ಮ ಪಾಸ್‌ಪೋರ್ಟ್ ಕೊಟ್ಟರೆ ಇಬ್ಬರಿಗೂ ಸೊನ್ನೆ. ಎರಡನ್ನೂ ಒಬ್ಬರದೇ ಪಾಸ್‌ಪೋರ್ಟಿಗೆ ಹಾಕಿಸಿದರೆ 2,100 ಆಗುತ್ತದೆ. ಇಡೀ ಮಾಲ್ ಒಂದೇ ಅಂಗಡಿ ಅಂತ ಲೆಕ್ಕವಲ್ಲ, ಒಳಗಿನ ಒಂದೊಂದು ಮಳಿಗೆಯೂ ಬೇರೆ. ಆದರೆ ಡಿಪಾರ್ಟ್‌ಮೆಂಟ್ ಸ್ಟೋರ್ ಒಳಗೆ ಬೇರೆ ಬೇರೆ ವಿಭಾಗಗಳಲ್ಲಿ ಕೊಂಡದ್ದನ್ನು ಒಟ್ಟು ಸೇರಿಸಬಹುದು. ಎಲ್ಲ ರಸೀದಿ ಹಿಡಿದು ಅಲ್ಲಿನ ವ್ಯಾಟ್ ಕೌಂಟರಿಗೆ ಅದೇ ದಿನ ಹೋಗಿ, ಪಿ.ಪಿ. 10 ಎಂಬ ಫಾರಂ ಮಾಡಿಸಿಕೊಳ್ಳಿ. ಅಸಲಿ ತೆರಿಗೆ ಬಿಲ್ ಫಾರಮ್ಮಿಗೆ ಪಿನ್ ಆಗಿದೆಯೇ, ಹೆಸರಿನ ಅಕ್ಷರ ಮತ್ತು ಪಾಸ್‌ಪೋರ್ಟ್ ಸಂಖ್ಯೆ ಸರಿಯಿದೆಯೇ ಅಂತ ಕೌಂಟರ್ ಬಿಡುವ ಮೊದಲೇ ನೋಡಿ. ನಾಳೆ ಬರುತ್ತೇನೆ ಅಂದರೆ ಆಗುವುದಿಲ್ಲ.

ಬಟ್ಟೆಯ ವಿಷಯದಲ್ಲಿ ಎಲ್, ಎಕ್ಸೆಲ್ ಅನ್ನುವ ಅಕ್ಷರ ನಂಬಬೇಡಿ. ಥಾಯ್ ಬ್ರ್ಯಾಂಡ್‌ಗಳ ಕಟಿಂಗ್ ಸಣ್ಣದು, ಫ್ರೀ ಸೈಜ್ ಅನ್ನುವುದು ತೆಳ್ಳಗಿನವರಿಗೆ ಮಾತ್ರ ಫ್ರೀ. ಮನೆಯಲ್ಲಿರುವವರಿಗೆ ಒಯ್ಯುವುದಾದರೆ, ಅವರಿಗೆ ಸರಿಹೋಗುವ ಒಂದು ಶರ್ಟನ್ನು ಹೊರಡುವ ಮೊದಲೇ ಚಪ್ಪಟೆ ಹಾಸಿ, ಕಂಕುಳಿನಿಂದ ಕಂಕುಳಿಗೆ ಅಳೆದು ಬರೆದುಕೊಳ್ಳಿ. ಅಂಗಡಿಯಲ್ಲೂ ಹಾಗೇ ಅಳೆಯಿರಿ. ಶೂಗಾದರೆ ಪಾದದ ಉದ್ದ ಸೆಂಟಿಮೀಟರಿನಲ್ಲಿರಲಿ, ಪೆಟ್ಟಿಗೆಯ ಮೇಲೆ ಆ ಅಂಕಿ ಸಾಮಾನ್ಯವಾಗಿ ಇರುತ್ತದೆ. ರಿಯಾಯಿತಿ ಮಾಲನ್ನು, ಈಜುಡುಗೆಯನ್ನು ವಾಪಸ್ ತೆಗೆದುಕೊಳ್ಳುವ ಅಂಗಡಿ ಅಪರೂಪ.

ಸನ್‌ಸ್ಕ್ರೀನ್ ಕೊಳ್ಳುವಾಗ ಎಸ್‌ಪಿಎಫ್ ಒಂದನ್ನೇ ನೋಡಿದರೆ ಸಾಲದು. ಫುಕೆಟ್‌ನಿಂದ ದೋಣಿಯಲ್ಲಿ ಹೋಗುವ ಸಿಮಿಲಾನ್, ಫಿ ಫಿ ದ್ವೀಪಗಳು ರಾಷ್ಟ್ರೀಯ ಉದ್ಯಾನದೊಳಗೆ ಬರುತ್ತವೆ. ಹವಳಕ್ಕೆ ಹಾನಿ ಮಾಡುವ ನಾಲ್ಕು ರಾಸಾಯನಿಕಗಳಿರುವ ಸನ್‌ಸ್ಕ್ರೀನನ್ನು ಅಲ್ಲಿ 2021ರ ಆಗಸ್ಟ್‌ನಿಂದ ನಿಷೇಧಿಸಲಾಗಿದೆ. ದಂಡ 1 ಲಕ್ಷ ಬಾತ್‌ವರೆಗೂ ಹೋಗಬಹುದು. ಆಕ್ಸಿಬೆನ್‌ಝೋನ್, ಆಕ್ಟಿನಾಕ್ಸೇಟ್, 4-ಮೀಥೈಲ್‌ಬೆಂಜಿಲಿಡೀನ್ ಕ್ಯಾಂಫರ್, ಬ್ಯೂಟೈಲ್‌ಪ್ಯಾರಾಬೆನ್ ಆ ನಾಲ್ಕು. ಎಡವುವುದು ಹೆಸರಿನಲ್ಲಿ: ಡಬ್ಬಿಯ ಹಿಂದೆ ಮೊದಲನೆಯದು ಬೆನ್‌ಝೋಫಿನೋನ್-3 ಅಂತಲೂ, ಎರಡನೆಯದು ಈಥೈಲ್‌ಹೆಕ್ಸಿಲ್ ಮೆಥಾಕ್ಸಿಸಿನ್ನಮೇಟ್ ಅಂತಲೂ ಇರುತ್ತದೆ. ಮುಂಭಾಗದಲ್ಲಿ ಹವಳದ ಚಿತ್ರ ಇದ್ದರೂ ಹಿಂಭಾಗ ಓದಿ. ಫೋನಿಗೆ ನೀರು ತಾಗದ ಚೀಲ ಕೊಂಡರೆ ಮೊದಲು ಒಳಗೆ ಬರೀ ಟಿಶ್ಯೂ ಪೇಪರ್ ಹಾಕಿ, ಬಾತ್‌ರೂಮಿನ ಬಕೆಟ್ಟಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಟಿಶ್ಯೂ ಒಣಗಿದ್ದರೆ ಮಾತ್ರ ಫೋನಿಗೆ ಆ ಭಾಗ್ಯ.

ಸೂಪರ್‌ಮಾರ್ಕೆಟ್‌ನಲ್ಲಿ ಸಸ್ಯಾಹಾರಿಗಳು ಹುಡುಕಬೇಕಾದ ಗುರುತು ಹಳದಿ ಹಿನ್ನೆಲೆಯ ಕೆಂಪು ಬರಹ, ನಮ್ಮ ಕಣ್ಣಿಗೆ 17 ಅಂತ ಬರೆದ ಹಾಗೆ ಕಾಣುತ್ತದೆ. ಥಾಯ್ ಭಾಷೆಯಲ್ಲಿ ಅದು 'ಜೆ': ಮಾಂಸ, ಮೀನು, ಮೊಟ್ಟೆ, ಹಾಲು, ಬೆಳ್ಳುಳ್ಳಿ ಯಾವುದೂ ಇಲ್ಲ. ಅದಿಲ್ಲದಿದ್ದರೆ ಹುರಿದ ಶೇಂಗಾದಲ್ಲೂ ಮೀನಿನ ಸಾಸ್ ಇರಬಹುದು. ಒಣ ಮಾವಿನ ಪೊಟ್ಟಣಗಳಲ್ಲಿ ಹಲವು ಸಕ್ಕರೆ ಪಾಕದಲ್ಲಿ ನೆನೆಸಿದವು, ಪದಾರ್ಥಗಳ ಪಟ್ಟಿಯಲ್ಲಿ ಸಕ್ಕರೆ ಎಷ್ಟನೆಯದು ನೋಡಿ, ಮೊದಲಿದ್ದಷ್ಟೂ ಹೆಚ್ಚು. ಹಣ್ಣಿನ ಬೆಲೆ ಕೆಲವು ಕಡೆ 100 ಗ್ರಾಮಿಗೆ ಬರೆದಿರುತ್ತಾರೆ, ಕಿಲೋ ಅಂದುಕೊಂಡು ತುಂಬಿಕೊಂಡರೆ ಬಿಲ್ಲಿನಲ್ಲಿ ಹತ್ತು ಪಟ್ಟು. ಗಾಢ ವಾಸನೆಯ ಡ್ಯೂರಿಯನ್ ಹಣ್ಣು ಕೊಂಡರೆ ಅಲ್ಲೇ ಹೊರಗೆ ತಿಂದು ಮುಗಿಸಿ, ಹೋಟೆಲುಗಳು ಒಳಗೆ ಬಿಡುವುದಿಲ್ಲ. ಕೈಗೆ, ಹಾಸಿಗೆಗೆ ಕಲೆ ಹಿಡಿಯುವ ಮ್ಯಾಂಗೋಸ್ಟೀನ್ ಹಣ್ಣಿಗೂ ಎಷ್ಟೋ ಕಡೆ ಅದೇ ಗತಿ.

ಪ್ಯಾಕಿಂಗ್: ತೆಂಗಿನೆಣ್ಣೆ, ಲೋಷನ್, ಸಾಸ್ 100 ಮಿಲಿಲೀಟರ್ ಮೀರಿದರೆ ಚೆಕ್‌-ಇನ್ ಲಗೇಜಿಗೆ. ಪವರ್‌ಬ್ಯಾಂಕ್ ಕೈಚೀಲಕ್ಕೆ ಮಾತ್ರ. ಬುದ್ಧನ ವಿಗ್ರಹ ಹೊರದೇಶಕ್ಕೆ ಒಯ್ಯಲು ಲಲಿತಕಲಾ ಇಲಾಖೆಯ ಅನುಮತಿ ಬೇಕು.

ವಿಮಾನ ನಿಲ್ದಾಣದಲ್ಲಿ ಕ್ರಮ ತಪ್ಪಿದರೆ ಫಾರಂ ಇದ್ದೂ ದುಡ್ಡು ಬರುವುದಿಲ್ಲ. ಒಟ್ಟು ಖರೀದಿ 20,000 ಬಾತ್ ಅಥವಾ ಹೆಚ್ಚಿದ್ದರೆ, ಬ್ಯಾಗ್ ಕೊಡುವ ಮುಂಚೆ ಸಾಮಾನು ಸಮೇತ ಕಸ್ಟಮ್ಸ್ ಕೌಂಟರಿಗೆ ಹೋಗಿ ಪಿ.ಪಿ. 10ಕ್ಕೆ ಮುದ್ರೆ ಹಾಕಿಸಿ. ಹಾಗಾಗಿ ಕೊಂಡದ್ದನ್ನೆಲ್ಲ ಸೂಟ್‌ಕೇಸಿನ ಮೇಲ್ಪದರದಲ್ಲಿಡಿ, ಬೆಲೆಯ ಚೀಟಿ ಕೀಳಬೇಡಿ. ದುಬಾರಿ ವಾಚ್, ಒಡವೆ, ಹ್ಯಾಂಡ್‌ಬ್ಯಾಗ್ ಕೈಯಲ್ಲೇ ಇರಲಿ, ಒಳಗೆ ಇನ್ನೊಮ್ಮೆ ತೋರಿಸಬೇಕಾಗಬಹುದು. ಆಮೇಲೆ ಚೆಕ್‌-ಇನ್, ಇಮಿಗ್ರೇಷನ್, ಅದರಾಚೆ ವ್ಯಾಟ್ ವಾಪಸಾತಿ ಕೌಂಟರ್. ಖರೀದಿಸಿದ ದಿನದಿಂದ 60 ದಿನದೊಳಗೆ ಸಾಮಾನು ಒಯ್ಯುತ್ತಿರಬೇಕು, ಫಾರಂನಲ್ಲಿ ಹೆಸರಿರುವವರೇ ನಿಂತಿರಬೇಕು. ಬ್ಯಾಂಕಾಕ್‌ನಲ್ಲಿ ವಿಮಾನ ಬದಲಿಸಿ ಬೆಂಗಳೂರಿಗೆ ಬರುವವರ ಬ್ಯಾಗ್ ಫುಕೆಟ್‌ನಿಂದಲೇ ನೇರ ಹೋಗುವುದಾದರೆ, ಬ್ಯಾಂಕಾಕ್‌ನಲ್ಲಿ ತೋರಿಸಲು ಕೈಯಲ್ಲಿ ಸಾಮಾನೇ ಇರುವುದಿಲ್ಲ. ಆದ್ದರಿಂದ ಫುಕೆಟ್‌ನಲ್ಲಿ ಬ್ಯಾಗ್ ಕೊಡುವ ಮೊದಲೇ ಕಸ್ಟಮ್ಸ್‌ನವರನ್ನು ಕೇಳಿ. ಇದಕ್ಕೆಲ್ಲ ಮಾಮೂಲಿಗಿಂತ ಒಂದು ಗಂಟೆ ಮುಂಚೆ ಹೊರಡಿ. ರಾತ್ರಿ ವಿಮಾನಗಳ ಹೊತ್ತಿಗೆ ಆ ಕೌಂಟರ್ ಮುಂದಿನ ಸಾಲು ಉದ್ದ ಇರುತ್ತದೆ.