ನೀರಿನ ಜಾಡು ಹಿಡಿದು ಬೂಷ್ಟಿನ ಬಳಿಗೆ

ಮನೆ, ಕಚೇರಿ, ಗೋದಾಮುಗಳಲ್ಲಿ ಬೂಷ್ಟು ಹಿಡಿದಿದೆಯೇ, ಹಿಡಿದಿದ್ದರೆ ಎಲ್ಲಿ ಮತ್ತು ಏಕೆ ಎಂಬುದನ್ನು ಪರೀಕ್ಷಿಸಿ ವರದಿ ಕೊಡುವುದು ನನ್ನ ವೃತ್ತಿ. ಈ ಕೆಲಸಕ್ಕೆ ಇಳಿದ ಹೊಸತರಲ್ಲಿ ಗಾಳಿಯ ಮಾದರಿ ತೆಗೆಯುವ ಪಂಪಿನ ಮೇಲೆ ನನಗೆ ಎಲ್ಲಿಲ್ಲದ ನಂಬಿಕೆಯಿತ್ತು. ಮನೆಯೊಳಗೆ ಕಾಲಿಟ್ಟೊಡನೆ ಮುಕ್ಕಾಲಿಯ ಮೇಲೆ ಪಂಪನ್ನು ನಿಲ್ಲಿಸಿ, ನಿಮಿಷಕ್ಕೆ 15 ಲೀಟರಿನಂತೆ 5 ನಿಮಿಷ ಗಾಳಿ ಎಳೆದು, ಬೀಜಾಣುಗಳು ಅಂಟಿಕೊಂಡ ಆ ಪುಟ್ಟ ಕ್ಯಾಸೆಟ್ಟನ್ನು ಪ್ರಯೋಗಾಲಯಕ್ಕೆ ಕಳುಹಿಸಿದರೆ ಕೆಲಸ ಮುಕ್ಕಾಲು ಪಾಲು ಮುಗಿಯಿತೆಂದು ಭಾವಿಸುತ್ತಿದ್ದೆ. ಆ ಭ್ರಮೆಯನ್ನು ಬಿಡಿಸಿದ್ದು ಒಂದು ಮಲಗುವ ಕೋಣೆ.

ಆ ಮನೆಯವರ ದೂರು ಇಷ್ಟೇ: ರಾತ್ರಿ ಕಿಟಕಿ ಮುಚ್ಚಿ ಮಲಗಿದರೆ ಬೆಳಗಿನ ಹೊತ್ತಿಗೆ ಮುಗ್ಗಲು ವಾಸನೆ ಬರುತ್ತದೆ, ಆದರೆ ಗೋಡೆಯ ಮೇಲೆ ಏನೂ ಕಾಣುವುದಿಲ್ಲ. ಕೋಣೆಯೊಳಗೆ ಒಂದು, ಹೊರಗೆ ಒಂದು ಮಾದರಿ ತೆಗೆದೆ. ಒಳಗಿನ ಎಣಿಕೆ ಹೊರಗಿನದಕ್ಕಿಂತ ಕಡಿಮೆ ಬಂತು. ‘ಗಾಳಿಯಲ್ಲಿ ಅಸಹಜವಾದದ್ದೇನೂ ಕಂಡುಬಂದಿಲ್ಲ’ ಎಂದು ಬರೆದುಕೊಟ್ಟೆ. ವಾಕ್ಯ ಸುಳ್ಳಲ್ಲ, ಆದರೆ ಮನೆಯವರು ಅದನ್ನು ‘ಬೂಷ್ಟಿಲ್ಲ’ ಎಂದೇ ಓದಿಕೊಂಡರು, ನಿಜ ಹೇಳಬೇಕೆಂದರೆ ನಾನೂ ಹಾಗೆಯೇ ನಂಬಿದ್ದೆ. ಎರಡು ತಿಂಗಳ ನಂತರ ಬಣ್ಣ ಹೊಡೆಸಲೆಂದು ಅವರು ಮರದ ಬೀರುವನ್ನು ಸರಿಸಿದಾಗ ಅದರ ಹಿಂಬದಿಯ ಹಲಗೆ ನೆಲದಿಂದ ಮೊಣಕಾಲೆತ್ತರದವರೆಗೆ ಕಪ್ಪಾಗಿ, ಕೈ ಇಟ್ಟರೆ ಲೋಳೆಯಂತೆ ಅಂಟುವ ಸ್ಥಿತಿಯಲ್ಲಿತ್ತು. ಗೋಡೆಯ ಆಚೆ ಬದಿಗೆ ಸ್ನಾನದ ಕೋಣೆ, ಗೋಡೆಯೊಳಗೆ ಜಿನುಗುತ್ತಿದ್ದ ಒಂದು ಕೊಳವೆ. ಅಂಟುಪಟ್ಟಿಯಿಂದ ಎತ್ತಿ ಕಳುಹಿಸಿದ ಮಾದರಿಯಲ್ಲಿ ಸ್ಟ್ಯಾಕಿಬಾಟ್ರಿಸ್ ಇದೆಯೆಂದು ಪ್ರಯೋಗಾಲಯ ತಿಳಿಸಿತು. ಸದಾ ಒದ್ದೆಯಾಗಿರುವ ಮರ, ಕಾಗದ, ರಟ್ಟುಗಳ ಮೇಲೆ ಬೆಳೆಯುವ ಈ ಶಿಲೀಂಧ್ರದ ಬೀಜಾಣುಗಳು ಲೋಳೆಯಲ್ಲಿ ಹುದುಗಿರುವುದರಿಂದ, ಒಣಗಿದ ಮೇಲೆ ಯಾರಾದರೂ ಕದಲಿಸುವವರೆಗೆ ಸುಲಭವಾಗಿ ಗಾಳಿಗೆ ಏಳುವುದಿಲ್ಲ. ಹಾಸಿಗೆಯ ಪಕ್ಕದಲ್ಲಿ ನಿಂತ ನನ್ನ ಪಂಪಿಗೆ ಅವು ಸಿಗುವ ಸಂಭವವೇ ಕಡಿಮೆಯಿತ್ತು.

ಅಂದಿನಿಂದ ಮೊದಲ ಅರ್ಧ ಗಂಟೆ ನನ್ನ ಉಪಕರಣಗಳ ಪೆಟ್ಟಿಗೆ ಮುಚ್ಚಿಯೇ ಇರುತ್ತದೆ. ಆ ಹೊತ್ತಿನಲ್ಲಿ ನಾನು ಕೇಳುವುದೆಲ್ಲ ನೀರಿನ ಕಥೆ. ಎಂದಾದರೂ ಚಾವಣಿ ಸೋರಿತ್ತೇ, ಕೊಳವೆ ಒಡೆದಿತ್ತೇ, ನೆಲಕ್ಕೆ ನೀರು ನುಗ್ಗಿತ್ತೇ, ನುಗ್ಗಿದ್ದರೆ ಒಣಗಲು ಎಷ್ಟು ದಿನ ಹಿಡಿಯಿತು? ಒದ್ದೆಯಾದ ವಸ್ತು 24ರಿಂದ 48 ಗಂಟೆಯೊಳಗೆ ಪೂರ್ತಿ ಒಣಗಿದರೆ ಸಾಮಾನ್ಯವಾಗಿ ಬೂಷ್ಟು ಕಟ್ಟುವುದಿಲ್ಲ. ಆದ್ದರಿಂದ ‘ಒಂದು ವಾರದಲ್ಲಿ ತಾನಾಗಿಯೇ ಒಣಗಿತು’ ಎಂಬ ಉತ್ತರ ಬಂದರೆ ನನ್ನ ಕಿವಿ ನಿಮಿರುತ್ತದೆ. ಕೋಣೆಯ ನಾಲ್ಕು ಗೋಡೆಗಳಲ್ಲಿ ಒಂದಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಮೊದಲು ಅದರ ಬಳಿಗೇ ಹೋಗುತ್ತೇನೆ. ಮನೆಯವರ ಮೂಗು ಆ ವಾಸನೆಗೆ ಒಗ್ಗಿಹೋಗಿರುತ್ತದೆ, ಹತ್ತು ನಿಮಿಷ ಕಳೆದರೆ ನನ್ನದೂ ಒಗ್ಗುತ್ತದೆ. ಆದಕಾರಣ ನಡುನಡುವೆ ಹೊರಗೆ ಹೋಗಿ ನಿಂತು ಮತ್ತೆ ಒಳಗೆ ಬರುತ್ತೇನೆ. ತಪಾಸಣೆಗೆ ಮುನ್ನ ಗೋಡೆ ಒರೆಸಬೇಡಿ, ಸುವಾಸನೆಯ ದ್ರವ ಸಿಂಪಡಿಸಬೇಡಿ ಎಂದು ಮೊದಲೇ ತಿಳಿಸಿರುತ್ತೇನೆ, ಆದರೆ ಅತಿಥಿ ಬರುವರೆಂದು ಮನೆ ಚೊಕ್ಕಟ ಮಾಡುವ ಅಭ್ಯಾಸವನ್ನು ಬಿಡಿಸುವುದು ಕಷ್ಟ.

ಅನಂತರ ಹೊರಬರುವುದು ತೇವಮಾಪಕ. ಎರಡು ಸೂಜಿಗಳನ್ನು ಒತ್ತಿದರೆ ಅವುಗಳ ನಡುವಿನ ವಿದ್ಯುತ್ ರೋಧವನ್ನು ಅಳೆದು ಸಂಖ್ಯೆ ತೋರಿಸುವ ಸರಳ ಸಾಧನವಿದು. ಮರದ ಮೇಲೆ ಆ ಸಂಖ್ಯೆಯನ್ನು ನೇರವಾಗಿ ನಂಬಬಹುದು; 20 ಪ್ರತಿಶತ ದಾಟಿದರೆ ಮರ ಅಪಾಯದಲ್ಲಿದೆ ಎಂದೇ ಲೆಕ್ಕ. ಸಿಮೆಂಟಿನ ಗಾರೆಯ ಮೇಲೆ ಅದೇ ಸಂಖ್ಯೆಗೆ ಸ್ವತಂತ್ರವಾದ ಅರ್ಥವಿಲ್ಲ, ಒಣಗಿದ ಭಾಗದೊಡನೆ ಹೋಲಿಸಿ ನೋಡಿದಾಗ ಮಾತ್ರ ಅದು ಮಾತನಾಡುತ್ತದೆ. ಹಾಗಾಗಿ ಗೇಣಿಗೊಂದರಂತೆ ಅಳೆಯುತ್ತ ಗೋಡೆಯ ಮೇಲೆಯೇ ಸಣ್ಣ ಕಾಗದದ ಪಟ್ಟಿಗಳನ್ನು ಅಂಟಿಸಿ ಸಂಖ್ಯೆಗಳನ್ನು ಬರೆಯುತ್ತ ಹೋಗುತ್ತೇನೆ. ಐವತ್ತು ಪಟ್ಟಿಗಳಾಗುವಷ್ಟರಲ್ಲಿ ಒಂದು ಆಕಾರ ಮೂಡುತ್ತದೆ. ಬುಡದಲ್ಲಿ ಹೆಚ್ಚಾಗಿದ್ದು ಮೇಲೆ ಹೋದಂತೆ ಒಂದೇ ಸಮನೆ ಇಳಿದರೆ ನೆಲದ ತೇವ ಗೋಡೆಗೆ ಏರುತ್ತಿದೆ ಎಂಬ ಸಂಶಯ. ಕಿಟಕಿಯ ಕೆಳಮೂಲೆಗಳಿಂದ ಎರಡು ಬಾಲಗಳಂತೆ ಇಳಿದರೆ ಚೌಕಟ್ಟಿನ ಸಂದಿಯ ಕಡೆಗೆ ನೋಟ. ನಡುಗೋಡೆಯಲ್ಲಿ ದುಂಡಗೆ ಕಂಡರೆ ಅಲ್ಲೊಂದು ಕೊಳವೆ ಇರಲೇಬೇಕು.

ಈ ಮಾಪಕಕ್ಕೂ ಮೋಸಹೋಗುವ ಸ್ವಭಾವವಿದೆ. ಗಾರೆಯಿಂದ ಹೊರಬಂದ ಉಪ್ಪು ವಿದ್ಯುತ್ತನ್ನು ಹರಿಯಬಿಡುವುದರಿಂದ, ಒಣಗಿ ವರ್ಷವಾದ ಗೋಡೆಯೂ ಒದ್ದೆಯೆಂದು ತೋರಬಹುದು. ಆ ಉಪ್ಪಿನ ಬಿಳಿ ಹುಡಿಯನ್ನೇ ಬೂಷ್ಟೆಂದು ತಿಳಿದು ಗಾಬರಿಯಿಂದ ಕರೆಸಿದವರೂ ಇದ್ದಾರೆ. ಒಂದು ಹನಿ ನೀರು ಸಾಕು: ಉಪ್ಪಾದರೆ ಹನಿಯಲ್ಲಿ ಕರಗಿ ಮಾಯವಾಗುತ್ತದೆ, ಬೂಷ್ಟಾದರೆ ಎಳೆಗಳು ಒದ್ದೆಯಾಗಿ ಮುದುಡಿಕೊಂಡು ಅಲ್ಲಿಯೇ ಉಳಿಯುತ್ತವೆ. ಶಾಖಚಿತ್ರ ತೆಗೆಯುವ ಕ್ಯಾಮೆರಾದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಗ್ರಾಹಕರಿಗೆ ಆ ಬಣ್ಣದ ಚಿತ್ರ ಬಹಳ ಇಷ್ಟ, ಆದರೆ ಅದು ಕಾಣುವುದು ಉಷ್ಣತೆಯನ್ನು, ನೀರನ್ನಲ್ಲ. ಆವಿಯಾಗುವ ನೀರು ತಂಪು ಮಾಡುವುದರಿಂದ ಒದ್ದೆಯ ಜಾಗ ನೀಲಿಯಾಗಿ ಕಂಡೀತು. ಹೊರಗಿನ ಚಳಿ ತಾಕಿದ ಒಣ ಮೂಲೆಯೂ ಅಷ್ಟೇ ನೀಲಿಯಾಗಿ ಕಂಡೀತು. ಕ್ಯಾಮೆರಾ ತೋರಿಸಿದ ಜಾಗಕ್ಕೆ ಸೂಜಿ ಒತ್ತಿ ಖಚಿತಪಡಿಸಿಕೊಳ್ಳದೆ ನಾನು ವರದಿಗೆ ಒಂದು ಚಿತ್ರವನ್ನೂ ಸೇರಿಸುವುದಿಲ್ಲ.

ವಾಣಿಜ್ಯ ಕಟ್ಟಡಗಳ ಸಮಸ್ಯೆ ಬಹುಪಾಲು ಬೇರೆ ಬಗೆಯದು. ಅಲ್ಲಿ ಸೋರುವ ಕೊಳವೆಗಿಂತ ಗಾಳಿಯಲ್ಲಿ ಬರುವ ನೀರೇ ಹೆಚ್ಚು ಕಾಡುತ್ತದೆ. ಒಂದು ಹವಾನಿಯಂತ್ರಿತ ಕಚೇರಿಯಲ್ಲಿ ಸಿಬ್ಬಂದಿಯ ದೂರಿನ ಮೇಲೆ ಗಾಳಿಯ ಕೊಳವೆಗಳನ್ನು ಎರಡು ಬಾರಿ ಶುಚಿಗೊಳಿಸಿದ್ದರೂ ವಾಸನೆ ಹೋಗಿರಲಿಲ್ಲ. ಸಭಾಕೋಣೆಯ ಗೋಡೆಗೆ ವಿನೈಲ್ ಹಾಳೆ ಅಂಟಿಸಿದ್ದರು, ಅದರ ಮೇಲೆ ಅಲ್ಲಲ್ಲಿ ಅಂಗೈಯಗಲದ ಮಸುಕು ಗುಲಾಬಿ ಕಲೆಗಳಿದ್ದವು. ಹಾಳೆಯ ಹಿಂದೆ ಬೆಳೆಯುವ ಬೂಷ್ಟಿನ ಬಣ್ಣ ಹೀಗೆ ಮುಂದಕ್ಕೆ ಒಸರುವುದುಂಟು. ಮುಖ್ಯ ಬಾಗಿಲನ್ನು ಬೆರಳಗಲ ತೆರೆದು ಸಂದಿಗೆ ತೆಳು ಕಾಗದದ ಎಳೆಯೊಂದನ್ನು ಹಿಡಿದೆ. ಅದು ಒಳಮುಖವಾಗಿ ಅಡ್ಡಡ್ಡ ಮಲಗಿತು. ಶೌಚಾಲಯಗಳ ಫ್ಯಾನುಗಳು ಹೊರದೂಡುತ್ತಿದ್ದಷ್ಟು ಗಾಳಿಯನ್ನು ಹವಾನಿಯಂತ್ರಣ ವ್ಯವಸ್ಥೆ ಒಳಗೆ ತರುತ್ತಿರಲಿಲ್ಲವಾದ್ದರಿಂದ ಕಟ್ಟಡ ಗೋಡೆಯ ಬಿರುಕುಗಳ ಮೂಲಕ ಹೊರಗಿನ ಗಾಳಿಯನ್ನು ಹೀರುತ್ತಿತ್ತು. ಹೊರಗೆ 30 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ 75 ಪ್ರತಿಶತ. ಅಂಥ ಗಾಳಿ ಸುಮಾರು 25 ಡಿಗ್ರಿಗೆ ತಣಿದರೆ ನೀರು ಬಿಡಲು ತೊಡಗುತ್ತದೆ. ಸಭಾಕೋಣೆಯನ್ನು 21 ಡಿಗ್ರಿಯಲ್ಲಿಟ್ಟಿದ್ದರು. ಹೀಗಾಗಿ ತಣ್ಣಗಿದ್ದ ಹಾಳೆಯ ಬೆನ್ನಿಗೆ ದಿನವೂ ಮಂಜು ಕಟ್ಟುತ್ತಿತ್ತು, ವಿನೈಲಿನ ಮೂಲಕ ಅದು ಒಣಗುವಂತಿರಲಿಲ್ಲ. ಒಪ್ಪಿಗೆ ಪಡೆದು ಹಾಳೆಯ ಒಂದು ಮೂಲೆಯನ್ನು ಮೆಲ್ಲಗೆ ಬಿಡಿಸಿದಾಗ ಅಂಟಿನ ಪದರವೆಲ್ಲ ಹಸಿರು, ಕಪ್ಪು. ಅಲ್ಲಿ ಮತ್ತೆ ಬೂಷ್ಟು ಬಾರದಂತೆ ಮಾಡಬೇಕಾಗಿದ್ದು ಗಾಳಿಯ ಲೆಕ್ಕವನ್ನು ಸರಿಪಡಿಸಬಲ್ಲ ಎಂಜಿನಿಯರು, ಔಷಧ ಸಿಂಪಡಿಸುವವರಲ್ಲ.

ಹಾಗಾದರೆ ಮಾದರಿ ಪರೀಕ್ಷೆ ಬೇಡವೇ? ಬೇಕು, ಆದರೆ ಉತ್ತರ ಸಿಗಬಹುದಾದ ಪ್ರಶ್ನೆ ಇದ್ದಾಗ ಮಾತ್ರ. ಕಣ್ಣಿಗೆ ಕಾಣುವ ಬೂಷ್ಟನ್ನು ಪರೀಕ್ಷಿಸಿ ಅದರ ಹೆಸರು ತಿಳಿದರೂ ಮಾಡಬೇಕಾದ ಕೆಲಸ ಬದಲಾಗುವುದಿಲ್ಲ: ನೀರು ನಿಲ್ಲಿಸಬೇಕು, ಹಿಡಿದದ್ದನ್ನು ತೆಗೆಯಬೇಕು, ಒಣಗಿಸಬೇಕು. ಕಲೆ ಬೂಷ್ಟೋ ಮಸಿಯೋ ಎಂಬ ವಿವಾದವಿದ್ದರೆ ಅಂಟುಪಟ್ಟಿ ಸಾಕು. ಗಾಳಿಯ ಮಾದರಿ ತೆಗೆದರೆ ಅದೇ ದಿನದ ಹೊರಗಿನ ಮಾದರಿ ಜೊತೆಗಿರಲೇಬೇಕು, ಏಕೆಂದರೆ ಬೀಜಾಣುಗಳಿಲ್ಲದ ಗಾಳಿ ಹೊರಗೆ ಎಲ್ಲಿಯೂ ಇಲ್ಲ. ಕ್ಲಾಡೋಸ್ಪೋರಿಯಂ ಎಂಬ ಶಿಲೀಂಧ್ರವಂತೂ ಬಯಲಿನ ಗಾಳಿಯ ಖಾಯಂ ನಿವಾಸಿ. ಇನ್ನು ವರದಿಯ ಸಂಖ್ಯೆಗಳು. ಪಂಪು ಎಳೆದದ್ದು 75 ಲೀಟರ್, ವರದಿ ಬರುವುದು ಘನ ಮೀಟರಿನ, ಅಂದರೆ ಸಾವಿರ ಲೀಟರಿನ ಲೆಕ್ಕದಲ್ಲಿ. ಸೂಕ್ಷ್ಮದರ್ಶಕದಡಿ ಒಂದೇ ಒಂದು ಬೀಜಾಣು ಕಂಡರೂ ಕಾಗದದ ಮೇಲೆ 13 ಎಂದಾಗುತ್ತದೆ. ‘ಮೊದಲು 13 ಇತ್ತು, ಈಗ 53 ಆಗಿದೆ’ ಎಂದು ಕಂಗಾಲಾದ ಗ್ರಾಹಕರಿಗೆ ಅದು ಒಂದಕ್ಕೂ ನಾಲ್ಕಕ್ಕೂ ಇರುವ ವ್ಯತ್ಯಾಸ, ಯಾರೋ ಹಾಸಿಗೆ ಕೊಡವಿದರೂ ಆಗುವಂಥದ್ದು ಎಂದು ವಿವರಿಸಿದ್ದೇನೆ. ಆಸ್ಪರ್ಜಿಲಸ್ ಮತ್ತು ಪೆನಿಸಿಲಿಯಂ ಎಂಬ ಎರಡು ಬಗೆಯ ಬೂಷ್ಟುಗಳ ಬೀಜಾಣುಗಳನ್ನು ಈ ವಿಧಾನದಲ್ಲಿ ಬಿಡಿಸಿ ಹೇಳಲು ಬಾರದೆ ಒಂದೇ ಸಾಲಿನಲ್ಲಿ ಬರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಒಳಾಂಗಣದ ತೇವ ಮತ್ತು ಬೂಷ್ಟಿನ ಕುರಿತು ಹೊರತಂದ ಮಾರ್ಗಸೂಚಿ ಕೂಡ ಬೀಜಾಣುಗಳಿಗೆ ಇಂತಿಷ್ಟೆಂಬ ಮಿತಿಯನ್ನು ನಿಗದಿಪಡಿಸದೆ, ತೇವವನ್ನೇ ತಡೆಯಬೇಕೆಂದು ಹೇಳಿತು. ಆದ್ದರಿಂದ ‘ಸುರಕ್ಷಿತ’, ‘ವಿಷಕಾರಿ’ ಎಂಬ ಮುದ್ರೆಗಳನ್ನು ನನ್ನ ವರದಿಯಲ್ಲಿ ಒತ್ತುವುದಿಲ್ಲ. ಕೆಮ್ಮು, ಉಬ್ಬಸಗಳ ಬಗ್ಗೆ ಕೇಳಿದವರಿಗೆ ವೈದ್ಯರನ್ನು ಕಾಣಲು ಹೇಳುತ್ತೇನೆ.

ತಪಾಸಣೆ ಮಾಡುವವರೇ ಬೂಷ್ಟು ತೆಗೆಯುವ ಗುತ್ತಿಗೆಯನ್ನೂ ಹಿಡಿಯಬಾರದೆಂಬುದು ನಾನು ಹಾಕಿಕೊಂಡ ನಿಯಮ. ಹುಡುಕಿದಷ್ಟೂ ತನಗೇ ಲಾಭವಾಗುವ ಕಡೆ ಯಾರ ಕಣ್ಣೂ ನೆಟ್ಟಗಿರುವುದಿಲ್ಲ, ನನ್ನದೂ ಸೇರಿದಂತೆ. ತೆಗೆಯುವ ಕೆಲಸ ಮುಗಿದ ಮೇಲೆ, ಬಣ್ಣ ಬಳಿಯುವುದಕ್ಕೆ ಮುಂಚೆ, ಮತ್ತೊಮ್ಮೆ ಹೋಗಿ ನೋಡುತ್ತೇನೆ. ಆ ಮಲಗುವ ಕೋಣೆಗೂ ಹಾಗೆ ಹೋಗಿದ್ದೆ, ಈ ಬಾರಿ ಶುಲ್ಕವಿಲ್ಲದೆ. ಬೀರು ಹೊರಗಿತ್ತು, ಗಾರೆ ಕೆರೆದು ಒಣಗಲು ಬಿಟ್ಟಿದ್ದರು, ಕೊಳವೆ ಬದಲಾಗಿತ್ತು. ಬಣ್ಣದವರು ಡಬ್ಬಿಯೊಡನೆ ಬಾಗಿಲಲ್ಲಿ ಕಾಯುತ್ತಿದ್ದರು. ಮೇಲಿನ ಅಳತೆಗಳೆಲ್ಲ ಎದುರಿನ ಒಣ ಗೋಡೆಗೆ ಸಮವಾಗಿ ಬಂದವು, ಬುಡದ ಎರಡು ಗೇಣು ಮಾತ್ರ ಇನ್ನೂ ಹೆಚ್ಚೇ ತೋರಿಸಿತು. ಡಬ್ಬಿಯ ಮುಚ್ಚಳ ತೆರೆಯಬೇಡಿ ಎಂದೆ. ಹನ್ನೊಂದು ದಿನಗಳ ನಂತರ ಮತ್ತೆ ಅಳೆದು, ಕೊನೆಯ ಪಟ್ಟಿಯಲ್ಲೂ ಒಣ ಗೋಡೆಯ ಸಂಖ್ಯೆಯೇ ಬಂದ ಮೇಲೆ ತೆರೆಯಲು ಹೇಳಿದೆ.